ಕೇಸ್ ಟೂಲ್ ಆರಿಸಬೇಕು: ಮೂರಕ್ಕೂ ಒಂದೇ ಅಂಕ, ಏನು ಮಾಡಲಿ?

ಕೋಡ್‌ಗುಬ್ಬಿ:
ನಮ್ಮದು 4 ಜನರ ಟೀಮ್. ಹಳೆಯ ಜಾವಾ ಪ್ರಾಜೆಕ್ಟ್, ಡಾಕ್ಯುಮೆಂಟ್ ಅಂತ ಏನೂ ಇಲ್ಲ. ಓಪನ್ ಸೋರ್ಸ್ ಕೇಸ್ ಟೂಲ್ (ಕ್ಲಾಸ್‌ಗಳು, ಅವುಗಳ ಸಂಬಂಧಗಳನ್ನು ಮಾಡೆಲ್ ಆಗಿ ಇಟ್ಟುಕೊಂಡು ಚಿತ್ರ ತೋರಿಸುವ ಸಾಫ್ಟ್‌ವೇರ್) ಆರಿಸುವ ಕೆಲಸ ನನ್ನ ತಲೆಗೆ ಬಂದಿದೆ. ಆರ್ಗೋಯುಎಂಎಲ್, ಮೊಡೆಲಿಯೊ, ಪ್ಯಾಪಿರಸ್ ಮೂರನ್ನೂ ಹಾಕಿಕೊಂಡು, 30 ಸಾಲಿನ ಪಟ್ಟಿ ಮಾಡಿ ಅಂಕ ಕೊಟ್ಟೆ. ಮೂರಕ್ಕೂ ಹೆಚ್ಚುಕಡಿಮೆ ಅಷ್ಟೇ ಬಂತು! ಈಗ?

ಹಳೇಕೀಲಿ:
ಪಟ್ಟಿ ಪಕ್ಕಕ್ಕಿಡಿ. 'ಕೋಡ್ ಜನರೇಷನ್: ಇದೆ' ಅಂತ ಬರೆದರೆ ಏನು ಗೊತ್ತಾದಂತಾಯಿತು? ನಾನೂ ಹೀಗೇ ಅಂಕ ನೋಡಿ ಒಂದನ್ನು ಆರಿಸಿದ್ದೆ, ಹೆಸರು ಬೇಡ. ಮಾಡೆಲ್‌ನಿಂದ ಕೋಡ್ ತೆಗೆದು, ಒಂದು ಮೆಥಡ್ ಒಳಗೆ 20 ಸಾಲು ಬರೆದೆ. ಮಾರನೇ ದಿನ ಮಾಡೆಲ್‌ನಲ್ಲಿ ಒಂದು ಫೀಲ್ಡ್ ಹೆಸರು ಬದಲಿಸಿ ಮತ್ತೆ ಜನರೇಟ್ ಒತ್ತಿದೆ. 20 ಸಾಲೂ ಮಾಯ. ಗಿಟ್‌ನಲ್ಲಿ ಹಳೆಯ ಪ್ರತಿ ಇತ್ತು, ಬಚಾವಾದೆ.

ನಿಮ್ಮದೇ ಪ್ರಾಜೆಕ್ಟ್‌ನ 10 ಕ್ಲಾಸ್ ತೆಗೆದುಕೊಳ್ಳಿ. ಜೆನೆರಿಕ್ಸ್, ಇನ್ನರ್ ಕ್ಲಾಸ್ ಇರುವ ತರಲೆಗಳೇ ಇರಲಿ. ಕೋಡ್‌ನಿಂದ ಮಾಡೆಲ್ ಮಾಡಿಸಿ, ಒಂದೇ ಒಂದು ಹೆಸರು ಬದಲಿಸಿ, ವಾಪಸ್ ಕೋಡ್ ತೆಗೆಯಿರಿ. ಆಮೇಲೆ ಗಿಟ್ ಡಿಫ್ (ಯಾವ ಸಾಲು ಬದಲಾಯಿತು ಅನ್ನುವ ಪಟ್ಟಿ) ನೋಡಿ. ಆ ಹೆಸರು ಬಿಟ್ಟು ಬೇರೇನಾದರೂ ಅಲುಗಾಡಿದ್ದರೆ ಆ ಟೂಲ್ ಬೇಡ.

ಅಂದ ಹಾಗೆ, ಯುಎಂಎಲ್ ಅಂದರೆ ಈ ಡಿಸೈನ್ ಚಿತ್ರಗಳ ಪ್ರಮಾಣಿತ ಭಾಷೆ; ಆರ್ಗೋಯುಎಂಎಲ್ ಇರುವುದು ಅದರ ಹಳೆಯ 1.4 ಆವೃತ್ತಿಯಲ್ಲಿ. ಸೀಕ್ವೆನ್ಸ್ ಡಯಾಗ್ರಾಂನಲ್ಲಿ (ಯಾವುದರ ನಂತರ ಯಾವ ಕರೆ ಅಂತ ತೋರಿಸುವ ಚಿತ್ರ) ಆಲ್ಟ್ (ಹೀಗಾದರೆ ಇದು, ಇಲ್ಲದಿದ್ದರೆ ಅದು), ಲೂಪ್ ಡಬ್ಬಿಗಳು ಬಂದದ್ದು ಯುಎಂಎಲ್ 2ರಲ್ಲಿ. ನಾವು ಬರೆಯುತ್ತಿರುವಾಗಲೇ ಡಿಸೈನ್‌ನ ತಪ್ಪು ತೋರಿಸುವ ಅದರ 'ಕ್ರಿಟಿಕ್ಸ್' ಮಾತ್ರ ನನಗೆ ಈಗಲೂ ಇಷ್ಟ.

ಗೀಟುಗೆರೆ:
ಪ್ಯಾಪಿರಸ್ ಆದರೆ ಇನ್ನೊಂದು ನೋಡಿಕೊಳ್ಳಿ. ಮಾಡೆಲ್ ಒಂದು ಫೈಲ್‌ನಲ್ಲಿ, ಚಿತ್ರದ ಜೋಡಣೆ ಇನ್ನೊಂದರಲ್ಲಿ ಇರುತ್ತದೆ. ಎರಡೂ ಎಕ್ಸ್‌ಎಂಎಲ್. ಇಬ್ಬರು ಒಂದೇ ಡಯಾಗ್ರಾಂ ಮುಟ್ಟಿದರೆ ಇಬ್ಬರ ಬದಲಾವಣೆಯನ್ನೂ ಮರ್ಜ್ ಮಾಡಿ ಒಂದಾಗಿಸುವುದು ತಲೆನೋವು. ಸುಮ್ನೆ ಡಾಕ್ಯುಮೆಂಟ್‌ಗೆ ಅಂದರೆ ಪ್ಲಾಂಟ್‌ಯುಎಂಎಲ್ ಸಾಕಲ್ವಾ? ಬರೀ ಟೆಕ್ಸ್ಟ್ ಬರೆದರೆ ಅದೇ ಚಿತ್ರ ಮಾಡಿಕೊಡುತ್ತದೆ, ಡಿಫ್ ಓದಬಹುದು. ಕ್ಲಾಸ್ ಡಬ್ಬಿ ಎಲ್ಲಿ ಕೂರಬೇಕು ಅನ್ನುವುದು ಮಾತ್ರ ಜೋಡಣೆಗೆ ಅದು ಬಳಸುವ ಗ್ರಾಫ್‌ವಿಜ್‌ನ ಇಷ್ಟ, ನಿಮ್ಮ ಮಾತು ಜಾಸ್ತಿ ನಡೆಯುವುದಿಲ್ಲ.

ಹಳೇಕೀಲಿ:
ಸರಿಯೇ. ಆದರೆ ಪ್ಲಾಂಟ್‌ಯುಎಂಎಲ್ ಚಿತ್ರ ಬರೆಯುತ್ತದೆ ಅಷ್ಟೇ, ಹಿಂದೆ ಮಾಡೆಲ್ ಇರುವುದಿಲ್ಲ. ಒಂದು ಕ್ಲಾಸ್ ಹೆಸರು ಬದಲಾದರೆ ಅದು ಇರುವ ಫೈಲ್‌ಗಳನ್ನೆಲ್ಲ ನೀವೇ ಹುಡುಕಿ ತಿದ್ದಬೇಕು.

ಕೋಡ್‌ಗುಬ್ಬಿ:
10 ಕ್ಲಾಸ್ ಪರೀಕ್ಷೆ ಮಾಡಿದೆ. ಒಂದು ಟೂಲ್ ನಮ್ಮ ಕಾಮೆಂಟ್‌ಗಳನ್ನೆಲ್ಲ ನುಂಗಿಬಿಟ್ಟಿತು. ಡಿಫ್ ಟೀಮ್‌ಗೆ ತೋರಿಸಿದರೆ, 'ಮಾಡೆಲ್‌ನಿಂದ ಕೋಡ್ ತೆಗೀತೀವಿ ಅಂತ ಯಾರು ಹೇಳಿದ್ದು?' ಅಂದರು. ನನ್ನ 30 ಸಾಲಿನಲ್ಲಿ 18 ಅದರ ಮೇಲೇ ಇತ್ತು.