ಮಗನ ಜೊತೆ ಮೈನ್‌ಕ್ರಾಫ್ಟ್‌ಗೆ ಕೂತರೆ ತಲೆ ಸುತ್ತು, ವಾಕರಿಕೆ. ಯಾರಿಗಾದರೂ ಹೀಗಾಗಿದೆಯಾ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. ಮಗ ನಾಲ್ಕನೇ ಕ್ಲಾಸು. ಅವನಿಗೆ ಮೈನ್‌ಕ್ರಾಫ್ಟ್ ಅಂದರೆ ಪ್ರಾಣ, ಚೌಕ ಚೌಕದ ಇಟ್ಟಿಗೆ ಜೋಡಿಸಿ ಬೇಕಾದ್ದನ್ನು ಕಟ್ಟುವ ಕಂಪ್ಯೂಟರ್ ಆಟ ಅದು. ಭಾನುವಾರ ಊಟ ಆದ ಮೇಲೆ ಅವರಪ್ಪನ ಹಳೇ ಲ್ಯಾಪ್‌ಟಾಪ್ ತೆಗೆದುಕೊಂಡು ಕೂರುತ್ತಾನೆ. ಅದರೊಳಗೆ ಅಜ್ಜಿಮನೆಯನ್ನೇ ಕಟ್ಟುತ್ತಿದ್ದಾನೆ. ಜಗುಲಿ, ಹಿತ್ತಲ ಬಾವಿ, ದನದ ಕೊಟ್ಟಿಗೆ, ಅಡಿಕೆ ಒಣಗಿಸುವ ಅಂಗಳ ಎಲ್ಲ ಇದೆ. ಅಜ್ಜಿ ತೀರಿಕೊಂಡ ಮೇಲೆ ಆ ಮನೆ ಮಾರಿದೆವು. ಅವನಿಗೆ ನೆನಪಿರುವಷ್ಟನ್ನು ಅವನೇ ಕಟ್ಟುತ್ತಾನೆ. ನೆನಪಿಲ್ಲದ್ದನ್ನು ನನ್ನ ಹತ್ತಿರ ಕೇಳುತ್ತಾನೆ. "ಅಮ್ಮಾ ಬಾ, ಅಟ್ಟದ ಏಣಿ ಯಾವ ಕಡೆ ಇತ್ತು ನೋಡು" ಅಂತ ಕರೆಯುತ್ತಾನೆ.

ಪಕ್ಕದಲ್ಲಿ ಕೂತು ಹತ್ತು ನಿಮಿಷ ಆಗಿರುವುದಿಲ್ಲ. ಮೊದಲು ಆಕಳಿಕೆ ಬರುತ್ತದೆ. ಆಮೇಲೆ ಬಾಯಲ್ಲಿ ನೀರು, ಕತ್ತಿನ ಹಿಂದೆ ತಣ್ಣನೆ ಬೆವರು. ಹೊಟ್ಟೆ ತೊಳಸಲು ಶುರುವಾದರೆ ಎದ್ದು ಹೋಗಿ ಮಲಗಲೇಬೇಕು. ಕೆಲವು ಸಲ ರಾತ್ರಿವರೆಗೂ ತಲೆ ಭಾರ ಇರುತ್ತದೆ, ಒಗ್ಗರಣೆ ವಾಸನೆಯೂ ಸೇರುವುದಿಲ್ಲ.

ಚಿಕ್ಕಂದಿನಿಂದ ನನಗೆ ಬಸ್ಸು ಆಗಿಬರುವುದಿಲ್ಲ. ಉಡುಪಿ ಕಡೆ ಹೋಗುವಾಗ ಆಗುಂಬೆ ಘಾಟಿ ಇಳಿಯುವ ತನಕ ಕೈಯಲ್ಲಿ ನಿಂಬೆಹಣ್ಣು ಇರಲೇಬೇಕು. ಆದರೆ ಸ್ಕೂಟಿ ನಾನೇ ಓಡಿಸಿದರೆ ಏನೂ ಆಗುವುದಿಲ್ಲ. ಟಿವಿ ನೋಡಿದರೂ, ಮೊಬೈಲ್‌ನಲ್ಲಿ ಕ್ಯಾಂಡಿ ಕ್ರಶ್ ಆಡಿದರೂ ಏನೂ ಇಲ್ಲ. ಆಗಾಗ ಅರೆತಲೆನೋವು ಬರುವುದುಂಟು. ಕಣ್ಣು ಪರೀಕ್ಷೆ ಮಾಡಿಸಿದೆ, ಕನ್ನಡಕದ ನಂಬರ್ ಸರಿಯಿದೆಯಂತೆ.

ಇದು ಯಾಕೆ ಆಗುತ್ತದೆ? ಬಸ್ ಹತ್ತುವ ಮೊದಲು ತಗೊಳ್ಳುವ ಅವೊಮಿನ್ ಮಾತ್ರೆ ನುಂಗಿ ಕೂರಬಹುದಾ? ದಿನಾ ಕೂತರೆ ಅಭ್ಯಾಸ ಆಗುತ್ತಾ? ಅವನಿಗೆ ಯಾಕೆ ಏನೂ ಆಗಲ್ಲ? ಮನೆಯಲ್ಲಿ "ನಿನಗೆ ಆಗಲ್ಲ, ಬಿಟ್ಟುಬಿಡು" ಅನ್ನುತ್ತಾರೆ. ನನಗೆ ಬಿಡಲು ಮನಸ್ಸಿಲ್ಲ. ಇನ್ನು ನಾಲ್ಕೈದು ವರ್ಷ ಹೋದರೆ ಅವನು ನನ್ನನ್ನು ಕರೆಯುವುದಿಲ್ಲ. ಈಗ ಕರೆಯುತ್ತಿದ್ದಾನೆ.

ರಾತ್ರಿಪಾಳಿ:

ಅಕ್ಕ, ನಾನು ಬೆಂಗಳೂರಿನಲ್ಲಿ ಗೇಮ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಇಡೀ ದಿನ ಆಟ ಆಡುವ ನಮ್ಮಲ್ಲೂ ಕೆಲವರಿಗೆ ಹೀಗಾಗುತ್ತದೆ. ಗಾಬರಿ ಬೇಡ.

ನಿಮ್ಮ ಅರ್ಧ ಉತ್ತರ ಸ್ಕೂಟಿಯಲ್ಲೇ ಇದೆ. ಓಡಿಸುವವರಿಗೆ ಮುಂದೆ ಎತ್ತ ತಿರುಗುತ್ತೇನೆ ಅಂತ ಮೊದಲೇ ಗೊತ್ತಿರುತ್ತದೆ. ಹಿಂದೆ ಕೂತವರಿಗೆ ಗೊತ್ತಿರುವುದಿಲ್ಲ. ಆಟದಲ್ಲೂ ಅಷ್ಟೇ. ಮಕ್ಕಳು ಮೌಸ್ ಅನ್ನು ಸರಕ್ ಅಂತ ಎಳೆಯುತ್ತಾರೆ, ಸುಮ್ನೆ ಜಿಗಿಯುತ್ತಾ ಓಡುತ್ತಾರೆ. ಆಡುವ ಅವನಿಗೆ ಏನೂ ಅನಿಸುವುದಿಲ್ಲ, ನೋಡುವ ನಿಮಗೆ ಆಗುತ್ತದೆ. ಹಾಗಾಗಿ ಎಲ್ಲಕ್ಕಿಂತ ಮೊದಲು ಮೌಸ್ ನೀವು ಹಿಡಿಯಿರಿ. ಅವನು ಪಕ್ಕದಲ್ಲಿ ಕೂತು ದಾರಿ ಹೇಳಲಿ. ನಿಧಾನ ನಡೆಯಿರಿ, ಓಡಬೇಡಿ.

ಆಮೇಲೆ ಸೆಟ್ಟಿಂಗ್ಸ್. ವಿಡಿಯೊ ಸೆಟ್ಟಿಂಗ್ಸ್ ಒಳಗೆ 'ವ್ಯೂ ಬಾಬಿಂಗ್' ಅಂತ ಇದೆ. ನಡೆಯುವಾಗ ಹೆಜ್ಜೆಗೆ ತಕ್ಕ ಹಾಗೆ ನೋಟ ಮೇಲೆ ಕೆಳಗೆ ಕುಲುಕುವುದು ಅದರಿಂದಲೇ. ಆಫ್ ಮಾಡಿ. ನನ್ನ ಪ್ರಕಾರ ಮೈನ್‌ಕ್ರಾಫ್ಟ್‌ನಲ್ಲಿ ಅತಿ ಹೆಚ್ಚು ಕಾಟ ಕೊಡುವುದು ಇದೇ. ಆಕ್ಸೆಸಿಬಿಲಿಟಿ ಪುಟದಲ್ಲಿ 'ಎಫ್‌ಒವಿ ಎಫೆಕ್ಟ್ಸ್' ಇದೆ. ಓಡುವಾಗ ಪರದೆ ಹಿಗ್ಗಿ ಕುಗ್ಗಿದಂತೆ ಕಾಣುತ್ತದಲ್ಲ, ಅದು. ಅದನ್ನೂ ಆಫ್ ಮಾಡಿ. ಅಲ್ಲೇ 'ಡಿಸ್ಟಾರ್ಷನ್ ಎಫೆಕ್ಟ್ಸ್' ಇದೆ. ನೆದರ್ ಪೋರ್ಟಲ್ (ಆಟದ ಇನ್ನೊಂದು ಲೋಕಕ್ಕೆ ಹೋಗುವ ಬಾಗಿಲು) ಒಳಗೆ ನಿಂತಾಗ ಇಡೀ ಪರದೆ ನೀರಲ್ಲಿ ಅಲುಗಾಡಿದಂತೆ ಆಗುವುದು ಅದನ್ನು ಇಳಿಸಿದರೆ ಕಡಿಮೆಯಾಗುತ್ತದೆ.

ಎಫ್‌ಒವಿ ಅಂದರೆ ಎಷ್ಟು ಅಗಲದ ನೋಟ ಪರದೆಯಲ್ಲಿ ಕಾಣಬೇಕು ಅನ್ನುವ ಲೆಕ್ಕ. ತೀರಾ ಕಿರಿದಾದರೆ ಸ್ವಲ್ಪ ತಿರುಗಿದರೂ ಎಲ್ಲವೂ ಜೋರಾಗಿ ಓಡಿದಂತೆ ಕಾಣುತ್ತದೆ. 2004ರ ಹಾಫ್ ಲೈಫ್ 2 ಆಟದಲ್ಲಿ ಅದು ಮೊದಲಿಗೆ 75 ಡಿಗ್ರಿ ಇತ್ತು. ಎಷ್ಟೋ ಜನರಿಗೆ ತಲೆ ತಿರುಗಿ, 90ಕ್ಕೆ ಏರಿಸಿಕೊಂಡು ಆಡಿದರು. ಇದನ್ನು ಓದಿ ನೀವೂ ಏರಿಸಲು ಹೋಗಬಹುದು, ಅದಕ್ಕೇ ಹೇಳುತ್ತೇನೆ: ಕಂಪ್ಯೂಟರಿನ ಜಾವಾ ಆವೃತ್ತಿಯ ಮೈನ್‌ಕ್ರಾಫ್ಟ್‌ನಲ್ಲಿ 'ನಾರ್ಮಲ್' ಅಂತ ಇರುವುದು 70, ಅದು ಮೇಲಿಂದ ಕೆಳಗಿನ ಅಳತೆ. ಅಗಲ ಪರದೆಯಲ್ಲಿ ಅಡ್ಡಕ್ಕೆ ಅದು ಸುಮಾರು 100 ಆಗುತ್ತದೆ. ಅಷ್ಟು ಸಾಕು. 110ಕ್ಕೆ ಎಳೆದರೆ ಅಂಚುಗಳು ಜಗ್ಗಿದಂತಾಗಿ ಇನ್ನೊಂದು ತೊಂದರೆ.

ಲ್ಯಾಪ್‌ಟಾಪ್ ಹಳೆಯದು ಅಂದಿರಿ. ಚಿತ್ರ ತಡೆದು ತಡೆದು ಓಡಿದರೂ ಹೊಟ್ಟೆ ತೊಳಸುತ್ತದೆ. ಎಷ್ಟು ದೂರದವರೆಗೆ ಕಾಣಬೇಕು ಅನ್ನುವ 'ರೆಂಡರ್ ಡಿಸ್ಟೆನ್ಸ್' ಅನ್ನು 8ಕ್ಕೆ ಇಳಿಸಿ. ಗ್ರಾಫಿಕ್ಸ್ 'ಫಾಸ್ಟ್' ಇಡಿ. ಎಫ್3 ಒತ್ತಿದರೆ ಮೇಲೆ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) ತೋರಿಸುತ್ತದೆ, ಅದು 60ರ ಆಸುಪಾಸು ಅಲುಗಾಡದೆ ನಿಂತರೆ ಒಳ್ಳೆಯದು. ಎಫ್5 ಒತ್ತಿದರೆ ಕ್ಯಾಮೆರಾ ಬೆನ್ನ ಹಿಂದೆ ಹೋಗುತ್ತದೆ. ತುಂಬಾ ಜನರಿಗೆ ಅದು ಹಗುರ ಅನಿಸುತ್ತದೆ.

ನಡುವೆ ಇರುವ ಪ್ಲಸ್ ಗುರುತನ್ನೇ ನೋಡುತ್ತಿರಿ. 2008ರಲ್ಲಿ ಬಂದ ಮಿರರ್ಸ್ ಎಡ್ಜ್ ಆಟದಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಹಾರುವುದೇ ಕೆಲಸ. ತಲೆ ಸುತ್ತದಿರಲಿ ಅಂತಲೇ ಅದರಲ್ಲಿ ಪರದೆಯ ನಡುವೆ ಒಂದು ಚಿಕ್ಕ ಚುಕ್ಕೆ ಇಟ್ಟರು. 2020ರ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2ರಲ್ಲೂ ಅಂಥ ಚುಕ್ಕೆ ಇಟ್ಟುಕೊಳ್ಳಬಹುದು, ಕ್ಯಾಮೆರಾ ಅದುರುವುದನ್ನು ಕಡಿಮೆ ಮಾಡಬಹುದು. ಆಟ ಮಾಡುವವರಿಗೆ ಈ ತೊಂದರೆ ಗೊತ್ತಿದೆ ಅಕ್ಕ. ಕೇಳುವುದಕ್ಕೆ ನಾಚಿಕೆಪಡುವಂಥದ್ದು ಏನೂ ಇಲ್ಲ.

ಗಟ್ಟಿಗಡಲೆ:

ನನಗೂ ಕಾಲೇಜಿನಲ್ಲಿ ಕೌಂಟರ್ ಸ್ಟ್ರೈಕ್ ಆಡುವಾಗ ಆಗುತ್ತಿತ್ತು. ಒಂದೇ ಉಪಾಯ, ಹಠ ಹಿಡಿದು ಆಡುವುದು. ವಾಂತಿ ಬಂದರೂ ಎದ್ದೇಳಬೇಡಿ. ಒಂದೆರಡು ವಾರದಲ್ಲಿ ಮೈಗೆ ಒಗ್ಗುತ್ತದೆ. ಶುಂಠಿ ಕಷಾಯ ಪಕ್ಕದಲ್ಲಿ ಇಟ್ಟುಕೊಳ್ಳಿ.

ಕಿವಿಮಾತು:

ಗಟ್ಟಿಗಡಲೆ ಅವರೇ, ನಿಮಗೆ ಹಾಗೆ ಒಗ್ಗಿರಬಹುದು, ಸಂತೋಷ. ಆದರೆ ಈ ಸಲಹೆಯನ್ನು ಬೇರೆಯವರಿಗೆ ಕೊಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಅರೆತಲೆನೋವು ಇರುವವರಿಗಂತೂ ಬೇಡವೇ ಬೇಡ. ನಾನು ಮೈಸೂರಿನಲ್ಲಿ ಆಡಿಯಾಲಜಿಸ್ಟ್, ಅಂದರೆ ಕಿವಿ ಪರೀಕ್ಷೆ ಮಾಡುವವಳು. ತಲೆಸುತ್ತು ಇರುವವರನ್ನು ಪರೀಕ್ಷೆ ಮಾಡುವುದೇ ನನ್ನ ಕೆಲಸ.

ತುಂಗಾತೀರ ಅವರೇ, ಒಳಕಿವಿಯಲ್ಲಿ ಕೇಳಿಸುವ ಭಾಗದ ಪಕ್ಕದಲ್ಲೇ ಸಮತೋಲನದ ಭಾಗ ಇದೆ. ಒಂದೊಂದು ಕಿವಿಯಲ್ಲೂ ಮೂರು ಅರೆವೃತ್ತದ ನಾಳಗಳು. ತಲೆ ಯಾವ ಕಡೆ ತಿರುಗಿತು ಅಂತ ಅವು ಹೇಳುತ್ತವೆ. ಜೊತೆಗೆ ಎರಡು ಪುಟ್ಟ ಚೀಲಗಳು. ಮುಂದೆ ಹಿಂದೆ, ಮೇಲೆ ಕೆಳಗೆ ಹೋದದ್ದನ್ನು, ಭೂಮಿ ಯಾವ ಕಡೆ ಎಳೆಯುತ್ತಿದೆ ಅನ್ನುವುದನ್ನು ಅವು ಹೇಳುತ್ತವೆ. ಬಸ್ಸಿನಲ್ಲಿ ಪುಸ್ತಕ ಓದಿದರೆ ಕಿವಿ 'ಚಲಿಸುತ್ತಿದ್ದೇವೆ' ಅನ್ನುತ್ತದೆ, ಕಣ್ಣು 'ಇಲ್ಲ' ಅನ್ನುತ್ತದೆ. ಆಟದಲ್ಲಿ ಇದು ತಿರುಗುಮುರುಗು. ಕಣ್ಣು 'ಓಡುತ್ತಿದ್ದೇವೆ' ಅನ್ನುತ್ತದೆ, ಕಿವಿ 'ಕುರ್ಚಿ ಮೇಲೆ ಕೂತಿದ್ದೇವೆ' ಅನ್ನುತ್ತದೆ. ಎರಡು ಸುದ್ದಿ ಹೊಂದದೆ ಹೋದಾಗ ಮೆದುಳಿಗೆ ಗೊಂದಲ. ಅದರಿಂದ ಬೆವರು, ಜೊಲ್ಲು, ವಾಕರಿಕೆ. ಹೆಚ್ಚಿನವರು ಒಪ್ಪುವ ವಿವರಣೆ ಇದು.

ಕಿವಿಯ ಪಾಲು ಎಷ್ಟು ದೊಡ್ಡದು ಅನ್ನುವುದಕ್ಕೆ ಒಂದು ಹಳೇ ಪರೀಕ್ಷೆ ಇದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆಯ ವೈದ್ಯರು ಕಿವುಡರಿಗಾಗಿಯೇ ಇರುವ ಗ್ಯಾಲೊಡೆಟ್ ಕಾಲೇಜಿನ 11 ಜನರನ್ನು ಆರಿಸಿಕೊಂಡರು. ಹೆಚ್ಚಿನವರಿಗೆ ಚಿಕ್ಕಂದಿನಲ್ಲಿ ಮೆನಿಂಜೈಟಿಸ್ (ಮೆದುಳಿನ ಪೊರೆಯ ಸೋಂಕು) ಬಂದು ಒಳಕಿವಿಯ ಸಮತೋಲನದ ಭಾಗವೂ ಹೋಗಿತ್ತು. ಕೆನಡಾದ ನೋವಾ ಸ್ಕೋಶಿಯಾ ಹತ್ತಿರದ ಕಡಲಿನಲ್ಲಿ ಹಡಗು ಹೊಯ್ದಾಡುತ್ತಿದ್ದರೂ ಅವರು ಇಸ್ಪೀಟು ಆಡುತ್ತಾ ಕೂತಿದ್ದರು. ಪರೀಕ್ಷೆ ಮಾಡಲು ಹೋದವರಿಗೇ ತಡೆಯಲಾಗದೆ ಅದನ್ನು ನಿಲ್ಲಿಸಬೇಕಾಯಿತು. ಅವರ ದೇಹ ಕೊಟ್ಟ ಸುಳಿವು ಮುಂದೆ ಗಗನಯಾತ್ರೆಯ ತಯಾರಿಗೆ ಒದಗಿತು. ಇವರ ಬಗ್ಗೆ ಇನ್ನಷ್ಟು ಜನ ತಿಳಿಯಬೇಕು ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಅಂದರೆ ನಿಮ್ಮ ಕಿವಿ ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತಲೇ ಅರ್ಥ. ಇದು ರೋಗ ಅಲ್ಲ. ಬಸ್ಸು ಆಗದವರಿಗೆ, ಅರೆತಲೆನೋವು ಇರುವವರಿಗೆ ಇದು ಬರುವುದು ಜಾಸ್ತಿ. ನಿಮಗೆ ಎರಡೂ ಇದೆ. ಮಗನಿಗೆ ಯಾಕೆ ಇಲ್ಲ ಅಂದಿರಿ. ವಯಸ್ಸು ಕಾರಣ ಅಲ್ಲ, ಬಸ್ಸಿನಲ್ಲಿ ಈ ವಯಸ್ಸಿನ ಮಕ್ಕಳಿಗೇ ಹೆಚ್ಚು ಆಗುವುದು. ಅವನು ಆಡಿಸುವವನು, ಆಡಿ ಆಡಿ ಒಗ್ಗಿದವನು. ಜನರಿಂದ ಜನರಿಗೆ ವ್ಯತ್ಯಾಸ ಕೂಡ ಬಹಳ.

ಅಭ್ಯಾಸ ಖಂಡಿತ ಆಗುತ್ತದೆ. ಆದರೆ ವಾಕರಿಕೆ ಬರುವ ಮೊದಲೇ ಏಳಬೇಕು. ನಿಮಗೆ ಆಕಳಿಕೆ ಮೊದಲು ಬರುತ್ತದೆ ಅಂದಿರಿ, ಅದೇ ಗುರುತು. ಆಕಳಿಕೆ ಬಂತು ಅಂದರೆ ಎದ್ದು ಕಿಟಕಿ ಹತ್ತಿರ ಹೋಗಿ, ದೂರದ ಮರವನ್ನು ನೋಡಿ. ಆ ದಿನಕ್ಕೆ ಅಷ್ಟೇ. ಐದು ನಿಮಿಷದಲ್ಲಿ ಬಂದರೆ ಐದೇ ನಿಮಿಷ ಸಾಕು. ನಾಳೆ ಮತ್ತೆ ಕೂರಿ. ಹೊಟ್ಟೆ ತೊಳಸುತ್ತಿದ್ದರೂ ಹಲ್ಲು ಕಚ್ಚಿ ಕೂತರೆ ಆಮೇಲೆ ಲ್ಯಾಪ್‌ಟಾಪ್ ತೆರೆದರೇ ಸಂಕಟ ಆಗುವಷ್ಟು ಅದು ಮನಸ್ಸಲ್ಲಿ ಕೂತುಬಿಡುತ್ತದೆ. ಅಂಥವರನ್ನು ನೋಡಿದ್ದೇನೆ.

ಅವೊಮಿನ್‌ನಲ್ಲಿ ಇರುವುದು ಪ್ರೊಮೆಥಜೀನ್. ನಿದ್ದೆ ಬರಿಸುತ್ತದೆ. ಘಾಟಿ ಪ್ರಯಾಣಕ್ಕೆ ಸರಿ, ವಾರ ವಾರ ಆಟಕ್ಕೆ ಅಂತ ನುಂಗುವುದು ಬೇಡ. ಶುಂಠಿ ಕೆಲವರಿಗೆ ಹಿತ ಕೊಡುತ್ತದೆ, ತಗೊಳ್ಳಿ. ಹೊಟ್ಟೆ ಬಿರಿಯುವಷ್ಟು ಉಂಡ ಕೂಡಲೇ ಕೂರಬೇಡಿ, ಭಾನುವಾರದ ಊಟ ಆದ ಮೇಲೆ ಅಂದಿರಿ, ಅದನ್ನು ಸಂಜೆಗೆ ಹಾಕಿ. ಕೋಣೆಯ ದೀಪ ಹಾಕಿ, ಪರದೆಯಿಂದ ದೂರ ಕೂರಿ. ಪರದೆಯ ಸುತ್ತ ಅಲುಗಾಡದ ಗೋಡೆ, ಮೇಜು ಕಣ್ಣಿಗೆ ಬೀಳುತ್ತಿರಲಿ. ತಲೆ ಭಾರ ಇರುವಾಗ ಸ್ಕೂಟಿ ಹತ್ತಬೇಡಿ. ಸಿಮ್ಯುಲೇಟರ್‌ನಲ್ಲಿ ಕಲಿಯುವ ಪೈಲಟ್‌ಗಳನ್ನೇ ಕೆಲವು ಸೇನೆಗಳಲ್ಲಿ ಆಮೇಲೆ ಕೆಲವು ಗಂಟೆ ವಿಮಾನ ಹಾರಿಸಲು ಬಿಡುವುದಿಲ್ಲ.

ಆಟ ಆಡದಿದ್ದಾಗಲೂ ತಲೆ ಸುತ್ತಿದರೆ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೋಣೆ ತಿರುಗಿದಂತಾದರೆ, ಕಿವಿ ಮಂದವಾದರೆ ಅಥವಾ ಗುಂಯ್ ಅಂದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಅದು ಬೇರೆಯೇ ವಿಷಯ.

ಗಟ್ಟಿಗಡಲೆ:

ಅರೆತಲೆನೋವಿನ ವಿಷಯ ನನಗೆ ಹೊಳೆದಿರಲಿಲ್ಲ ಮೇಡಂ. ಅಕ್ಕ, ಇವರು ಹೇಳಿದ ಹಾಗೆ ಮಾಡಿ.

ತುಂಗಾತೀರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೆಲವು ವಾರ ಬಿಟ್ಟು ಬರೆಯುತ್ತಿದ್ದೇನೆ, ಸರಿಯಾಗಿ ನೋಡಿಯೇ ಹೇಳೋಣ ಅಂತ.

ವ್ಯೂ ಬಾಬಿಂಗ್ ಆಫ್ ಮಾಡಿದ ದಿನವೇ ವ್ಯತ್ಯಾಸ ಗೊತ್ತಾಯಿತು. ಮೌಸ್ ನಾನು ಹಿಡಿದೆ. ಮಗನಿಗೆ ಮೊದಲು ಬೇಜಾರಾಯಿತು, "ಅಮ್ಮಾ, ಎಷ್ಟು ನಿಧಾನ ನಡೀತೀಯಾ" ಅಂದ. ಈಗ ಅವನಿಗೇ ಹೆಮ್ಮೆ, "ಎಡಕ್ಕೆ ತಿರುಗು, ಅಲ್ಲೇ ಮೆಟ್ಟಿಲಿದೆ" ಅಂತ ದಾರಿ ತೋರಿಸುತ್ತಾನೆ. ನನಗೆ ಆಕಳಿಕೆ ಬಂದರೆ ನನಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ. "ಕಿಟಕಿಗೆ ಹೋಗು" ಅನ್ನುತ್ತಾನೆ. ಈಗ ಅರ್ಧ ಗಂಟೆ ಆರಾಮಾಗಿ ಕೂರುತ್ತೇನೆ.

ಎಫ್5 ಕ್ಯಾಮೆರಾ ನನಗೆ ಅಷ್ಟು ಹಿಡಿಸಲಿಲ್ಲ. ಹೊರಗೆ ಸರಿ, ಮನೆಯೊಳಗೆ ಗೋಡೆಗೆ ಬಡಿದು ಕ್ಯಾಮೆರಾ ಹತ್ತಿರ ದೂರ ಕುಪ್ಪಳಿಸುತ್ತದೆ. ಇಕ್ಕಟ್ಟು ಜಾಗಗಳೇ ಕಷ್ಟ. ಅಟ್ಟ, ಕೊಟ್ಟಿಗೆ, ಗಣಿ. ಗೋಡೆ ಮುಖಕ್ಕೆ ಹತ್ತಿರ ಇದ್ದರೆ ಸ್ವಲ್ಪ ತಿರುಗಿದರೂ ಎಲ್ಲ ಸರಸರ ಓಡುತ್ತದೆ. ಗಣಿ ಗಾಡಿ ಹತ್ತಿದರೆ ಬಸ್ಸಿನ ಕಥೆಯೇ, ಅದನ್ನು ಬಿಟ್ಟೇಬಿಟ್ಟೆ. ಅಟ್ಟಕ್ಕೆ ಅವನೇ ಒಂದು ಉಪಾಯ ಮಾಡಿದ. ಮಾಡಿನ ಒಂದು ಕಡೆ ಹಂಚು ತೆಗೆದು ತೆರೆದಿಟ್ಟಿದ್ದಾನೆ. ನಾನು ಹೊರಗೆ ಅಂಗಳದಲ್ಲಿ ನಿಂತೇ ಒಳಗೆ ನೋಡಬಹುದು. ಏಣಿ ಅಡುಗೆಮನೆ ಕಡೆಯಿಂದ ಇತ್ತು, ಹೇಳಿದೆ, ಬದಲಾಯಿಸಿದ. ಉಪ್ಪಿನಕಾಯಿ ಭರಣಿ ಇಡುತ್ತಿದ್ದ ಮೂಲೆಯನ್ನೂ ತೋರಿಸಿದೆ.

ಇನ್ನೊಂದು ಪ್ರಶ್ನೆ. ದಸರಾಕ್ಕೆ ನನ್ನ ತಮ್ಮ ಬರುತ್ತಾನೆ, ಕಣ್ಣು ಮುಚ್ಚುವ ಹಾಗೆ ತಲೆಗೆ ಕಟ್ಟಿಕೊಂಡು ಆಡುವ ಕ್ವೆಸ್ಟ್ ವಿಆರ್ ಹೆಡ್‌ಸೆಟ್ ತರುತ್ತಾನಂತೆ. ಮಗ ಈಗಲೇ ಕುಣಿಯುತ್ತಿದ್ದಾನೆ. ನಾನು ಹಾಕಿಕೊಳ್ಳಬಹುದಾ?

ರಾತ್ರಿಪಾಳಿ:

ಓದಿ ತುಂಬಾ ಖುಷಿಯಾಯಿತು ಅಕ್ಕ.

ಮೊದಲು ಮಗನ ವಿಷಯ. ಕ್ವೆಸ್ಟ್ 10 ವರ್ಷ ತುಂಬದ ಮಕ್ಕಳಿಗೆ ಅಲ್ಲ ಅಂತ ಮೆಟಾ ಕಂಪನಿಯೇ ಹೇಳುತ್ತದೆ. 10 ತುಂಬಿದ್ದರೂ ಅಪ್ಪ ಅಮ್ಮ ನಡೆಸುವ ಖಾತೆ ಬೇಕು. ನಾಲ್ಕನೇ ಕ್ಲಾಸು ಅಂದಿರಿ, ವಯಸ್ಸು ನೋಡಿಕೊಂಡು ತಮ್ಮನಿಗೆ ಮೊದಲೇ ಹೇಳಿಬಿಡಿ. ದಸರಾ ದಿನ ಅಳಿಸುವುದು ಬೇಡ.

ನಿಮಗೆ ವಿಆರ್ ಪರದೆಗಿಂತ ಜೋರು. ಸುತ್ತ ನೋಡಿ ಸಮಾಧಾನ ಮಾಡಿಕೊಳ್ಳಲು ಗೋಡೆ, ಮೇಜು ಯಾವುದೂ ಕಾಣುವುದಿಲ್ಲ. ಆದರೆ ಎಲ್ಲ ಆಟವೂ ಒಂದೇ ಅಲ್ಲ. ಬೀಟ್ ಸೇಬರ್ ಥರದ್ದು ನೋಡಿ. ನೀವು ಇದ್ದಲ್ಲೇ ಇರುತ್ತೀರಿ, ಬರುವ ಪೆಟ್ಟಿಗೆಗಳನ್ನು ಕತ್ತರಿಸುತ್ತೀರಿ. ನಿಮ್ಮ ತಲೆ ಅಲುಗಾಡಿದಷ್ಟೇ ನೋಟವೂ ಅಲುಗಾಡುತ್ತದೆ, ಕಣ್ಣು ಕಿವಿಗೆ ಜಗಳ ಇಲ್ಲ. ಅಂಥದ್ದರಿಂದ ಶುರು ಮಾಡಿ. ಕೈಯಲ್ಲಿ ಹಿಡಿಯುವ ರಿಮೋಟಿನ ಕಡ್ಡಿ ತಳ್ಳಿ ಜಾರಿಕೊಂಡು ನಡೆಯುವ ಆಟಗಳು, ರೋಲರ್ ಕೋಸ್ಟರ್, ಕಾರು ರೇಸು ಬೇಡ. ನಡೆಯಲೇಬೇಕಾದ ಆಟ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ 'ಟೆಲಿಪೋರ್ಟ್' ಆರಿಸಿ, ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ನೇರ ಹೋಗಿ ನಿಲ್ಲುತ್ತೀರಿ. ತಿರುಗುವುದಕ್ಕೆ 'ಸ್ನ್ಯಾಪ್ ಟರ್ನ್' ಆರಿಸಿ, ನೋಟ ಜಾರದೆ ಒಮ್ಮೆಗೇ ತಟ್ಟನೆ ತಿರುಗುತ್ತದೆ. ಹೆಡ್‌ಸೆಟ್ಟಿನ ಗಾಜುಗಳ ನಡುವಿನ ಅಂತರವನ್ನು ನಿಮ್ಮ ಕಣ್ಣಿಗೆ ಹೊಂದಿಸಲು ತಮ್ಮನಿಗೆ ಹೇಳಿ, ಅದು ತಪ್ಪಿದ್ದರೆ ಬೇರೆ ತಲೆನೋವು. ಕೂತು ಆಡಿ, ಫ್ಯಾನ್ ಮುಖಕ್ಕೆ ಬರುವ ಹಾಗೆ ಇಟ್ಟುಕೊಳ್ಳಿ.

ಮೊದಲ ಸಲ ಒಂದೇ ಹಾಡು. ಆಕಳಿಕೆ ಬಂದರೆ ತೆಗೆದಿಡಿ.