ಜೆಂಕಿನ್ಸ್ ಪ್ಲಗಿನ್ನಿನಲ್ಲಿ ಅನುಮತಿ ತಪಾಸಣೆ ಇಲ್ಲ ಅಂದ್ರೆ ಏನಾಗುತ್ತದೆ? ಪ್ರಶ್ನೋತ್ತರ

ಹುಬ್ಬಳ್ಳಿ: ಸರ್, ಒಂದು ಪ್ಲಗಿನ್‌ನಲ್ಲಿ ಅನುಮತಿ ತಪಾಸಣೆ ಇಲ್ಲ ಅಂತ ಜೆಂಕಿನ್ಸ್ (ಕೋಡ್ ಬಿಲ್ಡ್, ಟೆಸ್ಟ್ ತಾನಾಗಿ ನಡೆಸುವ ಸರ್ವರ್) ಎಚ್ಚರಿಕೆ ತೋರಿಸುತ್ತಿದೆ. ನಮ್ಮಲ್ಲಿ ಎಲ್ಲರಿಗೂ ಬರೀ ಓವರಾಲ್ ರೀಡ್ (ನೋಡುವ ಅನುಮತಿ) ಕೊಟ್ಟಿದ್ದೇವೆ. ತೊಂದರೆ ಇಲ್ಲ ಅಲ್ವಾ?

ಸೆಕ್ಯುರಿಟಿ ಇಂಜಿನಿಯರ್: ಇದೆ. ಈ ಥರದ ದೋಷ ಬಳಸಲು ಕಳ್ಳನಿಗೆ ರೀಡ್ ಇದ್ದರೆ ಸಾಕು. ಅಪ್‌ಡೇಟ್ ಮಾಡಿ. ಅಪ್‌ಡೇಟ್ ಬಂದಿಲ್ಲವಾದರೆ ಪ್ಲಗಿನ್ ತೆಗೆಯಿರಿ.

ಮೈಸೂರು: ನಮ್ಮ ಎನ್‌ಜಿನ್‌ಎಕ್ಸ್ (ಜೆಂಕಿನ್ಸ್ ಮುಂದಿರುವ ವೆಬ್ ಸರ್ವರ್) ಲಾಗ್‌ನಲ್ಲಿ ರಾತ್ರಿ 2.30ಕ್ಕೆ ಆ ಪ್ಲಗಿನ್ನಿನ ಟೆಸ್ಟ್ ಕನೆಕ್ಷನ್ ಬಟನ್‌ಗೆ ಒಂದು ಗೆಟ್ ಕರೆ (ಲಿಂಕ್ ತೆರೆದಾಗ ಹೋಗುವಂಥದ್ದು) ಇದೆ. ಸರ್ವರ್ ವಿಳಾಸದ ಜಾಗದಲ್ಲಿ ಗೊತ್ತಿಲ್ಲದ ಐಪಿ, ಪಕ್ಕದಲ್ಲಿ ನಮ್ಮ ಗಿಟ್ ಟೋಕನ್ನಿನ (ಕೋಡ್ ಸರ್ವರ್‌ಗೆ ಹೋಗುವ ಕೀ) ಐಡಿ. ಉತ್ತರ 200, ಅಂದ್ರೆ ಕರೆ ಯಶಸ್ವಿ.

ಸೆಕ್ಯುರಿಟಿ ಇಂಜಿನಿಯರ್: ಟೋಕನ್ ಈಗಲೇ ರದ್ದು ಮಾಡಿ, ಆಮೇಲೆ ಓದಿ. ಆ ಬಟನ್ ಅಡ್ಮಿನ್ ಪುಟದಲ್ಲಿ ಮಾತ್ರ ಕಾಣುತ್ತದೆ. ಆದರೆ ಅದರ ಹಿಂದಿನ ಮೆಥಡ್ (ಸರ್ವರ್‌ನಲ್ಲಿ ಆ ಕೆಲಸ ಮಾಡುವ ಕೋಡ್), ಕರೆದವರು ಯಾರು ಅಂತ ಕೇಳುವುದೇ ಇಲ್ಲ. ವಿಳಾಸ ಗೊತ್ತಿದ್ದವರು ನೇರವಾಗಿ ಕರೆಯಬಹುದು. ಡ್ರಾಪ್‌ಡೌನ್ ತುಂಬಿಸುವ ಮೆಥಡ್‌ಗೂ ತಪಾಸಣೆ ಇಲ್ಲದಿದ್ದರೆ ಕ್ರೆಡೆನ್ಷಿಯಲ್ (ಜೆಂಕಿನ್ಸ್‌ನಲ್ಲಿ ಇಟ್ಟ ಪಾಸ್‌ವರ್ಡ್, ಟೋಕನ್) ಐಡಿಗಳೆಲ್ಲ ಸಿಗುತ್ತವೆ. ಕಳ್ಳ ಆ ಐಡಿ ಮತ್ತು ತನ್ನ ಸರ್ವರ್ ವಿಳಾಸ ಕೊಟ್ಟರೆ ಮುಗಿಯಿತು, ಜೆಂಕಿನ್ಸೇ ಟೋಕನ್ ತೆಗೆದು ಅಲ್ಲಿಗೆ ಕಳಿಸುತ್ತದೆ. ಗೆಟ್ ಕೂಡ ನಡೆಯುತ್ತದೆ ಅಂದ್ರೆ ಕಳ್ಳನಿಗೆ ಖಾತೆಯೂ ಬೇಡ, ಲಾಗಿನ್ ಆಗಿರುವ ಅಡ್ಮಿನ್ ಒಂದು ಲಿಂಕ್ ಒತ್ತಿದರೆ ಸಾಕು. ಅನಾನಿಮಸ್ ರೀಡ್ (ಲಾಗಿನ್ ಇಲ್ಲದೆ ನೋಡುವ ಅನುಮತಿ) ಇದೆಯಾ ನೋಡಿ. ಗಿಟ್ ಸರ್ವರ್ ಲಾಗ್‌ನಲ್ಲಿ 2.30ರ ನಂತರ ಆ ಟೋಕನ್ ಏನು ಮಾಡಿದೆ ಅಂತ ಹುಡುಕಿ.

ಮಂಗಳೂರು: ಫಾರ್ವರ್ಡ್ ಬಂದಿದೆ: ಜೆಂಕಿನ್ಸ್‌ನ 8080 ಪೋರ್ಟ್ ಬದಲಿಸಿ, ಸಿಎಸ್‌ಎಸ್‌ನಿಂದ (ಪುಟದ ನೋಟ ಬದಲಿಸುವ ಕೋಡ್) ಬಟನ್ ಮರೆಮಾಡಿ, ಸೇಫ್ ಅಂತೆ.

ಸೆಕ್ಯುರಿಟಿ ಇಂಜಿನಿಯರ್: ಇದನ್ನು ದಯವಿಟ್ಟು ಹಂಚಬೇಡಿ. ಬಟನ್ ಮರೆಮಾಡಿದರೆ ಮೆಥಡ್ ಮಾಯವಾಗಲ್ಲ. ತಪಾಸಣೆ ಸರ್ವರ್ ಕೋಡ್‌ನಲ್ಲೇ ಇರಬೇಕು: ಅಡ್ಮಿನಿಸ್ಟರ್ ಅಥವಾ ಐಟಂ ಕಾನ್ಫಿಗರ್ (ಜಾಬ್ ಬದಲಿಸುವ) ಅನುಮತಿ, ಜೊತೆಗೆ ಗೆಟ್ ಬೇಡ, ಪೋಸ್ಟ್ ಕರೆ (ಬರೀ ಲಿಂಕ್ ಒತ್ತಿದರೆ ಹೋಗದಂಥದ್ದು) ಮಾತ್ರ.

ತುಮಕೂರು: ನಾವು ಜೆಂಕಿನ್ಸ್ 2.442ಕ್ಕೆ ಹೋಗಿದ್ದೇವೆ. ಸಾಕಾ?

ಸೆಕ್ಯುರಿಟಿ ಇಂಜಿನಿಯರ್: ಸಾಲದು. 2024ರ ಜನವರಿಯಲ್ಲಿ ಅದು ಮುಚ್ಚಿದ್ದು ಸಿಎಲ್‌ಐನಿಂದ (ಕಮಾಂಡ್ ಲೈನ್) ಫೈಲ್ ಓದುವ ದೋಷ. ಪ್ಲಗಿನ್ ಬೇರೆ.



ಧಾರವಾಡ: ಇಂಥ ಪ್ಲಗಿನ್ ಬರೆದವರಿಗೆ ನಾಚಿಕೆ ಆಗಬೇಕು.

ಬೆಂಗಳೂರು: ಅವರು ಬಿಡುವಿನಲ್ಲಿ ಪುಕ್ಕಟೆ ಬರೆದುಕೊಟ್ಟಿದ್ದಾರೆ. ನೀವೊಂದು ಪ್ಯಾಚ್ ಕಳಿಸಿದ್ದೀರಾ?

ಧಾರವಾಡ: ಪುಕ್ಕಟೆ ಅಂತ ಬಾಗಿಲು ತೆಗೆದಿಡಬಹುದಾ?

ಬೆಂಗಳೂರು: ಎಚ್ಚರಿಕೆ ನೋಡಿಯೂ ಅಪ್‌ಡೇಟ್ ಮಾಡದವರು ನೀವು. ಸುಮ್ನೆ ಬೇರೆಯವರನ್ನು ಬೈಬೇಡಿ.

ಕಲಬುರಗಿ: ಸರ್, ಬರೀ ರೀಡ್ ಇದ್ದರೆ ತೊಂದರೆ ಇಲ್ಲ ಅಲ್ವಾ?

ಸೆಕ್ಯುರಿಟಿ ಇಂಜಿನಿಯರ್: ಮೊದಲ ಉತ್ತರ ಓದಿ.

ಮೈಸೂರು: ಟೋಕನ್ ರದ್ದಾಯಿತು. 2.41ಕ್ಕೆ ಮೂರು ರೆಪೊ (ಕೋಡ್ ಭಂಡಾರ) ಕ್ಲೋನ್ ಆಗಿವೆ, ಅಂದ್ರೆ ಪೂರ್ತಿ ನಕಲಾಗಿವೆ.

ಸೆಕ್ಯುರಿಟಿ ಇಂಜಿನಿಯರ್: ಆ ಮೂರರಲ್ಲಿ ಇರುವ ಪ್ರತಿ ಪಾಸ್‌ವರ್ಡ್, ಕೀ ಹೋಯಿತು ಅಂತಲೇ ಹಿಡಿಯಿರಿ. ಎಲ್ಲ ಬದಲಿಸಿ. ಮ್ಯಾನೇಜರ್‌ಗೆ ಈಗಲೇ ಹೇಳಿ, ಬೆಳಗ್ಗೆವರೆಗೆ ಕಾಯಬೇಡಿ. ಲಾಗ್ ಮಾತ್ರ ಅಳಿಸಬೇಡಿ.