ವಿಂಡೋಸ್ ಒಳಗಿನ ಲಿನಕ್ಸ್ ಇಷ್ಟೊಂದು ನಿಧಾನವಾ, ಇಲ್ಲಾ ನಾನೇ ಏನೋ ಎಡವಟ್ಟು ಮಾಡ್ಕೊಂಡಿದೀನಾ?

ಪ್ರಾಸದಹುಚ್ಚ:
ನಾನು ಪ್ರೋಗ್ರಾಮರ್ ಅಲ್ಲ, ಲೆಕ್ಕಪತ್ರ ನೋಡೋನು. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ಗಂಟೆ ಸಿ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯೋ ಚಟ. ಎರಡನೇ ಅಕ್ಷರ ಹೊಂದೋ ಪದಗಳನ್ನ ಒಟ್ಟಿಗೆ ಹಾಕೋ ಪುಟ್ಟ ಪ್ರೋಗ್ರಾಂ ಬರೀತಿದೀನಿ. ‘ಕನ್ನಡ’ ಕೊಟ್ಟರೆ ‘ಮುನ್ನಡೆ’ ಹುಡುಕಿಕೊಡಬೇಕು, ಅಷ್ಟೆ. (ಮೊದಲ ದಿನವೇ ‘ಕನ್ನಡ’ದ ಉದ್ದ 15 ಅಂತ ಬಂದು ತಲೆ ಕೆಟ್ಟಿತ್ತು. ಕಣ್ಣಿಗೆ ಮೂರೇ ಅಕ್ಷರ, ಯೂನಿಕೋಡ್‌ನಲ್ಲಿ ಐದು ಸಂಕೇತ, ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್. ಅದು ಅರ್ಥ ಆಗೋಕೆ ಒಂದು ವಾರ ಬೇಕಾಯ್ತು.)

ಲ್ಯಾಪ್‌ಟಾಪ್ ಮನೆಮಂದಿಗೆಲ್ಲ ಒಂದೇ, ವಿಂಡೋಸ್ ತೆಗೆಯೋ ಹಾಗಿಲ್ಲ. ಅದಕ್ಕೇ ಡಬ್ಲ್ಯೂಎಸ್ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸೋ ವ್ಯವಸ್ಥೆ) ಹಾಕಿ, ಅದರಲ್ಲಿ ಉಬುಂಟು ಅನ್ನೋ ಲಿನಕ್ಸ್ ಇಳಿಸಿದೆ. ಸಿ ಕೋಡನ್ನ ಓಡೋ ಹಾಗೆ ಮಾಡೋ ಜಿಸಿಸಿ, ಮೇಕ್, ಕೋಡ್‌ನಲ್ಲಿ ಆದ ಬದಲಾವಣೆ ನೆನಪಿಡೋ ಗಿಟ್ ಎಲ್ಲ ಸಲೀಸಾಗಿ ಬಂತು. ಪದಪಟ್ಟಿಯನ್ನ ಪದಕ್ಕೊಂದು ಫೈಲ್ ಅಂತ ಒಡೆದಿಟ್ಟಿದೀನಿ (ನಗಬೇಡಿ), ಸುಮಾರು 40,000 ಫೈಲ್. ಎಲ್ಲ ಸಿ ಡ್ರೈವ್‌ನ ಡಾಕ್ಯುಮೆಂಟ್ಸ್‌ನಲ್ಲಿವೆ. ಒಂದು ಸಲ ಓಡಿಸಿದರೆ ನಾಲ್ಕು ನಿಮಿಷ ಹಿಡಿಯುತ್ತೆ. ಏನೇನು ಬದಲಾಗಿದೆ ಅಂತ ನೋಡೋಕೆ ಗಿಟ್ ಸ್ಟೇಟಸ್ ಕೊಟ್ಟು ನೀರು ಕುಡಿದು ಬಂದರೂ ಕರ್ಸರ್ ಮಿಣಮಿಣ ಅಂತಲೇ ಇರುತ್ತೆ. ರ‍್ಯಾಮ್ 8 ಜಿಬಿ, ಅದರಲ್ಲಿ ಅರ್ಧವನ್ನ ವಿಎಂಮೆಮ್ ಅನ್ನೋದೊಂದು ನುಂಗಿ ಕೂತಿದೆ. ಡ್ಯುಯಲ್ ಬೂಟ್‌ಗೇ (ವಿಂಡೋಸ್ ಪಕ್ಕದಲ್ಲೇ ಲಿನಕ್ಸನ್ನ ಬೇರೆಯಾಗಿ ಹಾಕೋದು) ಹೋಗಲಾ?

ಟರ್ಮಿನಲ್‌ವಾಸಿ:
ಡ್ಯುಯಲ್ ಬೂಟ್ ಬೇಡ. ಫೈಲ್ ಇಟ್ಟಿರೋ ಜಾಗ ಸರಿಯಿಲ್ಲ, ಅಷ್ಟೆ.

ನಿಮ್ಮದು ಡಬ್ಲ್ಯೂಎಸ್ಎಲ್‌ನ ಆವೃತ್ತಿ 2 ಇರಬೇಕು. ಅದು ಹಗುರವಾದ ವರ್ಚುವಲ್ ಮಷೀನ್ (ಕಂಪ್ಯೂಟರ್ ಒಳಗಿನ ತೋರಿಕೆಯ ಕಂಪ್ಯೂಟರ್) ಒಳಗೆ ಓಡೋ ನಿಜವಾದ ಲಿನಕ್ಸ್ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು. ಅದರ ಸ್ವಂತ ಫೈಲ್‌ಗಳು ಒಂದು ವರ್ಚುವಲ್ ಡಿಸ್ಕ್‌ನಲ್ಲಿ ಇಎಕ್ಸ್‌ಟಿ4 ಅನ್ನೋ ಲಿನಕ್ಸ್‌ನದೇ ರೂಪದಲ್ಲಿರುತ್ತವೆ, ಅಲ್ಲಿ ಓದೋದು ಬರೆಯೋದು ಚುರುಕು. ಸಿ ಡ್ರೈವ್ ಮಾತ್ರ ಆಚೆಮನೆ. ಬೆಲ್ ಲ್ಯಾಬ್ಸ್‌ನವರು ಪ್ಲ್ಯಾನ್ 9 ಅನ್ನೋ ಆಪರೇಟಿಂಗ್ ಸಿಸ್ಟಂಗೆ ಅಂತ ಮಾಡಿದ 9ಪಿ ಪ್ರೋಟೋಕಾಲ್ ಮೂಲಕ ಹೋಗಿಬರಬೇಕು. ಫೈಲ್ ತೆರೆಯೋಕೆ ಒಂದು ಸಲ ಬಾಗಿಲು ತಟ್ಟಬೇಕು, ಓದೋಕೆ ಇನ್ನೊಂದು ಸಲ, ಮುಚ್ಚೋಕೆ ಮತ್ತೊಂದು ಸಲ. ದೊಡ್ಡ ಫೈಲ್ ಒಂದೇ ಇದ್ದಿದ್ದರೆ ಇಷ್ಟು ಗೊತ್ತಾಗ್ತಿರಲಿಲ್ಲ. ನೀವು 40,000 ಫೈಲ್‌ಗೂ ಹೀಗೇ ತಟ್ಟಿಸ್ತಿದೀರಿ.

ಇಡೀ ಫೋಲ್ಡರನ್ನ ಲಿನಕ್ಸ್‌ನ ಹೋಮ್‌ಗೆ (ಅಲ್ಲಿ ನಿಮ್ಮ ಸ್ವಂತ ಫೋಲ್ಡರ್) ಕಾಪಿ ಮಾಡಿ ನೋಡಿ. ವಿಂಡೋಸ್‌ನಿಂದ ಅಲ್ಲಿಗೆ ಹೋಗೋದು ಹೇಗೆ ಅನ್ನೋ ಭಯ ಬೇಡ. ಹೊಸ ವಿಂಡೋಸ್‌ನಲ್ಲಿ ಎಕ್ಸ್‌ಪ್ಲೋರರ್‌ನ ಎಡಗಡೆ ಪೆಂಗ್ವಿನ್ ಚಿತ್ರ ಇರುತ್ತೆ, ಅದನ್ನ ಒತ್ತಿ.

ಹಳೇಕೀಲಿಮಣೆ:
ಮೇಲಿನವರು ಹೇಳಿದ್ದು ಸರಿ, ಆದರೆ ಇನ್ನೊಂದು ದಾರಿನೂ ಇದೆ. 2016ರಲ್ಲಿ ಬಂದ ಆವೃತ್ತಿ 1 ಇನ್ನೂ ಬದುಕಿದೆ. ಅದರಲ್ಲಿ ಲಿನಕ್ಸ್ ಕರ್ನಲ್ಲೇ ಇಲ್ಲ. ಲಿನಕ್ಸ್ ಪ್ರೋಗ್ರಾಂ ಕೇಳಿದ್ದನ್ನ ವಿಂಡೋಸ್‌ಗೆ ಅರ್ಥವಾಗೋ ಹಾಗೆ ತಿರುಗಿಸಿ ಹೇಳುತ್ತೆ. ಫೈಲ್‌ಗಳು ಸಿ ಡ್ರೈವ್‌ನಲ್ಲೇ ಇರಬೇಕು ಅಂದರೆ ಅದೇ ವೇಗ. ನಿಜವಾದ ಲಿನಕ್ಸ್ ಕರ್ನಲ್ಲೇ ಬೇಕು ಅನ್ನೋ ಡಾಕರ್ ಗೀಕರ್‌ನಂಥ ಸಾಧನ ನಿಮಗೆ ಬೇಕಿಲ್ಲವಲ್ಲ. 1ನ್ನ ಎಲ್ಲರೂ ಹಳೇ ಸಾಮಾನು ಅಂತ ಮೂಲೆಗೆ ತಳ್ಳೋದು ನನಗೆ ಸರಿ ಕಾಣಲ್ಲ.

2ರಲ್ಲೇ ಇರೋದಾದರೆ ರ‍್ಯಾಮ್‌ಗೆ ಕಡಿವಾಣ ಹಾಕಿ. ಅರ್ಧ ರ‍್ಯಾಮ್ ಅನ್ನೋದು ಅದರ ಮೂಲ ಮಿತಿ. ನಿಮ್ಮ ಯೂಸರ್ ಫೋಲ್ಡರ್‌ನಲ್ಲಿ ಡಬ್ಲ್ಯೂಎಸ್ಎಲ್‌ಕಾನ್ಫಿಗ್ ಅನ್ನೋ ಫೈಲ್ ಮಾಡಿ (ಹೆಸರಿನ ಮುಂದೆ ಚುಕ್ಕಿ ಇರಲಿ), ಡಬ್ಲ್ಯೂಎಸ್ಎಲ್2 ವಿಭಾಗದಲ್ಲಿ ಮೆಮೊರಿ 3 ಜಿಬಿ ಅಂತ ಬರೆಯಿರಿ. ನೋಟ್‌ಪ್ಯಾಡ್ ಸದ್ದಿಲ್ಲದೆ ಹಿಂದೆ ಟಿಎಕ್ಸ್‌ಟಿ ಬಾಲ ಅಂಟಿಸುತ್ತೆ, ನಾನು ಇದರಲ್ಲೇ ಒಂದು ಸಂಜೆ ಕಳ್ಕೊಂಡೆ. ಆಮೇಲೆ ಡಬ್ಲ್ಯೂಎಸ್ಎಲ್‌ಗೆ ಮಾತ್ರ ಶಟ್‌ಡೌನ್ ಕಮಾಂಡ್ ಕೊಟ್ಟು ಒಂದು 8 ಸೆಕೆಂಡ್ ಸುಮ್ಮನಿದ್ದು ಮತ್ತೆ ತೆಗೆಯಿರಿ.

ಇನ್ನೊಂದು ಮಾತು. ‘ಮತ್ತೆ ಹೊಸದಾಗಿ ಹಾಕೋಣ’ ಅಂತ ಉಬುಂಟುವನ್ನ ಅನ್‌ರಿಜಿಸ್ಟರ್ ಮಾಡಿಬಿಟ್ಟೀರಾ, ಹುಷಾರು. ಹೋಮ್‌ನಲ್ಲಿರೋದೆಲ್ಲ ಅದರ ಜೊತೆಗೇ ಹೋಗುತ್ತೆ. ಮೊದಲು ಎಕ್ಸ್‌ಪೋರ್ಟ್ ಮಾಡಿಟ್ಕೊಳ್ಳಿ.

ಪ್ರಾಸದಹುಚ್ಚ:
ಇಬ್ಬರಿಗೂ ನಮಸ್ಕಾರ. ಹೋಮ್‌ಗೆ ಸಾಗಿಸಿದೆ. ಸಾಗಿಸೋಕೇ ಹತ್ತು ನಿಮಿಷ ಹಿಡೀತು! ಆಮೇಲೆ ಓಡಿಸಿದರೆ ಆರು ಸೆಕೆಂಡ್. ನಂಬಿಕೆ ಬರದೆ ಫಲಿತಾಂಶದ ಫೈಲ್ ತೆಗೆದು ನೋಡಿದೆ, ಎಲ್ಲ ಇದೆ. ಮೆಮೊರಿನೂ ಹದ್ದುಬಸ್ತಿಗೆ ಬಂತು. ಹೌದು, ಟಿಎಕ್ಸ್‌ಟಿ ಬಾಲ ನನಗೂ ಅಂಟಿತ್ತು.

ಈಗ ಹೊಸ ತಲೆನೋವು. ನೋಟ್‌ಪ್ಯಾಡ್‌ನಲ್ಲಿ ಒಂದು ಸ್ಕ್ರಿಪ್ಟ್ (ಬ್ಯಾಶ್‌ಗೆ ಕೊಡೋ ಕಮಾಂಡ್‌ಗಳ ಪಟ್ಟಿ) ಬರೆದು ಪೆಂಗ್ವಿನ್ ಫೋಲ್ಡರ್‌ಗೆ ಎಳೆದು ಹಾಕಿದೆ. ‘ಬ್ಯಾಡ್ ಇಂಟರ್‌ಪ್ರಿಟರ್’ ಅಂತಿದೆ. ಕಮಾಂಡ್ ಓದಿ ನಡೆಸೋ ಪ್ರೋಗ್ರಾಂ ಬ್ಯಾಶ್ ಇರೋದು ಕಣ್ಣಿಗೆ ಕಾಣ್ತಿದೆ, ಅಲ್ಲೇ ಕೂತು ಟೈಪ್ ಮಾಡ್ತಿದೀನಿ, ಇಲ್ಲ ಅಂದರೆ ಹೇಗೆ?

ಟರ್ಮಿನಲ್‌ವಾಸಿ:
ಸಾಲಿನ ಕೊನೆ ನೋಡಿ. ವಿಂಡೋಸ್ ಅಲ್ಲಿ ಎರಡು ಗುರುತು ಹಾಕುತ್ತೆ, ಲಿನಕ್ಸ್‌ಗೆ ಒಂದೇ ಸಾಕು. ಹೆಚ್ಚಿನದ್ದು ಸ್ಕ್ರಿಪ್ಟ್‌ನ ಮೊದಲ ಸಾಲಿನ ಬ್ಯಾಶ್ ಹೆಸರಿಗೆ ಅಂಟಿಕೊಂಡಿದೆ, ಆ ಹೆಸರಿನ ಪ್ರೋಗ್ರಾಂ ನಿಮ್ಮ ಹತ್ತಿರ ನಿಜವಾಗಲೂ ಇಲ್ಲ. ಫೈಲ್ ತೋರಿಸೋ ಕ್ಯಾಟ್ ಕಮಾಂಡ್‌ಗೆ ದೊಡ್ಡ ಎ ಆಯ್ಕೆ ಕೊಟ್ಟು ನೋಡಿ, ಸಾಲುಸಾಲಿಗೂ ಟೋಪಿ ಹಾಕಿದ ಎಂ ಕಾಣುತ್ತೆ. ಅದನ್ನ ತೆಗೆಯೋ ಡಾಸ್2ಯೂನಿಕ್ಸ್ ಅನ್ನೋ ಪ್ರೋಗ್ರಾಂ ಹಾಕ್ಕೊಂಡು ಫೈಲ್ ಮೇಲೆ ಒಮ್ಮೆ ಓಡಿಸಿ.

ಪ್ರಾಸದಹುಚ್ಚ:
ಟೋಪಿ ಹಾಕಿದ ಎಂ ಸಿಕ್ಕಿತು, ತೆಗೆದೆ, ಓಡ್ತಿದೆ. ಆದರೆ ಟರ್ಮಿನಲ್‌ನಲ್ಲಿ ‘ನ್ನ’ ಬಿಡಿಬಿಡಿಯಾಗಿ ಬಂದು ಒತ್ತು ಪಕ್ಕಕ್ಕೆ ಜಾರಿ ನಿಂತಿತ್ತು. ನನ್ನ ಕೋಡೇ ಒತ್ತಕ್ಷರ ಒಡೀತಿದೆ ಅಂತ ನಿನ್ನೆ ಎರಡು ಗಂಟೆವರೆಗೂ ಕೂತು ಹುಡುಕಿದೆ. ಅದೇ ಫಲಿತಾಂಶವನ್ನ ಫೈಲ್‌ಗೆ ತಿರುಗಿಸಿ ನೋಟ್‌ಪ್ಯಾಡ್‌ನಲ್ಲಿ ತೆಗೆದರೆ ‘ಕನ್ನಡ’, ಅದರ ಕೆಳಗೇ ‘ಮುನ್ನಡೆ’, ಒತ್ತು ಅದರ ಜಾಗದಲ್ಲೇ ಇದೆ. ಕೋಡ್ ಮುಟ್ಟದೆ ಮಲಗಿದೆ.